ಯಾದಿಯ ಹದಿಮೂರನೆಯ ಸಾಮಾನಿಗೆ

ಇನ್ನೂ ಹುಟ್ಟದೆಯೇ ಜಗತ್ತಿನ ತುಂಬ ಹೆಸರು ಮಾಡಿರುವ, ಮುಂದಿನ ಪೀಳಿಗೆಯ ಗ್ರಾಫಿಕ್ಸ್ ಕಾರ್ಡ್ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ಮೂಡಲಗಿ ತಾಲೂಕಿನ ಮಸಗುಪ್ಪಿಯಿಂದ ಮಯೂರಿಯ ಅನಂತ ನಮಸ್ಕಾರಗಳು. ಇತ್ತ ನಾವೆಲ್ಲರೂ ಕ್ಷೇಮ, ಅತ್ತ ತಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಪತ್ರ ಶುರು ಮಾಡುವುದು ನಮ್ಮ ಹಿರಿಯರು ಹಾಕಿಕೊಟ್ಟ ರೂಢಿ. ಆದರೆ ತಾವು ಇನ್ನೂ ಅವತರಿಸಿಲ್ಲವಾದ್ದರಿಂದ ತಮ್ಮ ಆರೋಗ್ಯವನ್ನು ಹೇಗೆ ವಿಚಾರಿಸಬೇಕೆಂದು ತಿಳಿಯದೆ, ಇತ್ತಲಿನ ಕ್ಷೇಮವಂತೂ ತಮ್ಮಿಂದಲೇ ಕೆಟ್ಟಿರುವುದರಿಂದ, ಆ ಎರಡೂ ಮಾತುಗಳನ್ನು ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತಿದ್ದೇನೆ. ಒರಟುತನ ಎನಿಸಿದರೆ ಕ್ಷಮಿಸಬೇಕು.

ಮೊದಲು ನಾನು ಯಾರೆಂದು ಅರಿಕೆ ಮಾಡಿಕೊಳ್ಳುತ್ತೇನೆ. ಮೂಡಲಗಿಯ ಒಂದು ರಕ್ತ ತಪಾಸಣೆಯ ಲ್ಯಾಬಿನಲ್ಲಿ ನನಗೆ ಕೆಲಸ. ಹಗಲೆಲ್ಲ ಊರ ಮಂದಿಯ ಸಕ್ಕರೆ ಅಳೆದು, ಸಂಜೆ ಮನೆಗೆ ಬಂದು, ಅವ್ವನ ಕೈಯ ಚಹಾ ಕುಡಿದು, ಒಂದೂವರೆ ತಾಸು ಕಂಪ್ಯೂಟರಿನ ಮುಂದೆ ಕುಳಿತು ನಾಲ್ವರ ತಂಡದೊಂದಿಗೆ ಶತ್ರುವಿನ ಕೋಟೆ ಹಿಡಿಯುವ ಆಟ ಆಡುತ್ತೇನೆ. ಆ ಕೋಟೆಯನ್ನೂ, ಅದರ ಮೇಲಿನ ಹೊಗೆಯನ್ನೂ, ಹೊಗೆಯೊಳಗಿಂದ ಓಡಿಬರುವ ಶತ್ರುವನ್ನೂ ಸೆಕೆಂಡಿಗೆ ಹತ್ತಾರು ಸಲ ಬಿಡಿಸಿ ಪರದೆಗೆ ಕಳಿಸುವುದು ತಮ್ಮ ಕುಲದವರ ಕಾಯಕವೆಂದು ನಾನು ತಮಗೆ ಹೇಳಬೇಕಿಲ್ಲ. ನನ್ನ ಬಳಿ ಈಗ ಇರುವವರು ತಮ್ಮ ವಂಶದಲ್ಲಿ ನಾಲ್ಕು ತಲೆಮಾರು ಹಿಂದಿನವರು. ವಯಸ್ಸಾಗಿದೆ, ಬೇಗ ಕಾಯುತ್ತಾರೆ, ಫ್ಯಾನು ತಿರುಗಿದರೆ ಬಾಜೂ ಮನೆಯವರು ಹಿಟ್ಟಿನ ಗಿರಣಿ ಚಾಲೂ ಆಯಿತೆಂದು ಜೋಳ ತರುತ್ತಾರೆ. ಶತ್ರು ನನ್ನನ್ನು ಕೊಂದ ಮೇಲೆ ಶತ್ರುವಿನ ಚಿತ್ರ ಪರದೆಯ ಮೇಲೆ ಮೂಡುತ್ತದೆ. ಆದರೂ ಆ ಹಿರಿಯರ ಮೇಲೆ ನನಗೆ ದೂರಿಲ್ಲ, ಏಕೆಂದರೆ ಕಿಶೋರ ಅವರು ನನಗೆ ಸಿಕ್ಕಿದ್ದು ಅವರ ಕೃಪೆಯಿಂದಲೇ.

ಕಿಶೋರ ಅವರದು ಹುಕ್ಕೇರಿ ತಾಲೂಕಿನ ದಡ್ಡಿ. ನಿಡಸೋಸಿಯಲ್ಲಿ ಓದಿ, ಈಗ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬಿನ ಗಾಡಿ ತೂಗುವ ಕಾಟಾದ ಮೇಲೆ ಕೆಲಸ ಮಾಡುತ್ತಾರೆ. ಅವರ ಊರೂ ನಮ್ಮ ಊರೂ ಒಂದೇ ಘಟಪ್ರಭೆಯ ನೀರು ಕುಡಿಯುವ ಊರುಗಳು, ನಡುವೆ ಎರಡು ಬಸ್ಸಿನ ದಾರಿ. ಆದರೂ ಒಂದೇ ತಂಡದಲ್ಲಿ ಆಡುತ್ತ ಎಂಟು ತಿಂಗಳು ನಾವಿಬ್ಬರೂ ಒಬ್ಬರನ್ನೊಬ್ಬರು ದಿಲ್ಲಿ ಕಡೆಯವರೆಂದು ತಿಳಿದು, ಬಾರದ ಹಿಂದಿಯಲ್ಲಿ ಒದ್ದಾಡಿಕೊಂಡು ಕೋಟೆ ಹಿಡಿದೆವು. ಒಂದು ಸಂಜೆ ಅವರ ಮೈಕಿನಲ್ಲಿ ಹಿಂದಿನಿಂದ ಹೆಂಗಸೊಬ್ಬರ ದನಿ ಕೇಳಿಸಿತು: "ಕಿಶೋರಾ, ಹ್ವಾರೆ ಕೆಲಸಾ ಬಿಟ್ಟು ಅದರ ಮುಂದ ಕುಂತಿಯೇನು? ಆಡು ಗೊಂಜಾಳ ಮೇಯಾಕತ್ತಾವು ನೋಡು!" ಯುದ್ಧದ ನಡುವೆ ನಾನು ನಕ್ಕುಬಿಟ್ಟೆ. ಆ ದಿನ ಕೋಟೆ ಹೋಯಿತು, ಗೊಂಜಾಳದ ಬೆಳೆಯೂ ಹೋಯಿತು, ನಮ್ಮ ಹಿಂದಿ ಮಾತ್ರ ಇಬ್ಬರಿಗೂ ಶಾಶ್ವತವಾಗಿ ತಪ್ಪಿತು.

ಆ ದನಿ ಅವರ ಸೋದರತ್ತೆ ಮಾಯವ್ವನವರದು. ವಿಷಯ ತಿಳಿದ ಮೇಲೆ ನಮ್ಮ ಮನೆಗೆ ಮಾತು ತಂದವರೂ ಅವರೇ. ಎರಡೂ ಕುರಿ ಸಾಕಿದ ಮನೆತನಗಳು, ಬೆಡಗು, ಅಂದರೆ ಕುಲದ ಬಳಿ, ಕೂಡಿಬಂತು, ಹಿರಿಯರು ಒಪ್ಪಿದರು, ಮತ್ತು ದಸರೆಯ ಮರುವಾರ ನಮ್ಮ ಪಡಸಾಲೆಯಲ್ಲಿ ಯಾದಿಗೆ ಕುಳಿತರು. ತಾವು ಪರದೇಶದ ಗಾಜಿನ ಕೋಣೆಯಲ್ಲಿ ಹುಟ್ಟುವವರು, ಆದ್ದರಿಂದ ಯಾದಿ ಎಂದರೇನೆಂದು ಬಿಡಿಸಿ ಹೇಳುತ್ತೇನೆ. ಮದುವೆಗೆ ಮುಂಚೆ ಎರಡೂ ಕಡೆಯ ಐವರು ಹಿರಿಯರು ಕೂತು, ಯಾರು ಯಾರಿಗೆ ಏನು ಕೊಡಬೇಕೆಂದು ಒಂದು ಹಾಳೆಯ ಮೇಲೆ ಬರೆದು, ಅದರ ನಾಲ್ಕು ಮೂಲೆಗೆ ಅರಿಶಿನ ಕುಂಕುಮ ಹಚ್ಚಿ, ಸಹಿ ಹಾಕಿ, ಸಕ್ಕರೆ ಹಂಚುತ್ತಾರೆ. ಸಕ್ಕರೆ ಬಾಯಿಗೆ ಬಿದ್ದ ಮೇಲೆ ಯಾದಿ ಯಾದಿಯೇ. ಅದೇ ಐವರು ಮತ್ತೆ ಕೂತು ಒಪ್ಪಿದ ಹೊರತು ಒಂದು ಚಮಚವನ್ನೂ ಕೂಡಿಸಲು ಕಳೆಯಲು ಬರುವುದಿಲ್ಲ.

ಗಂಡಿನ ಕಡೆಯಿಂದ ಬರೆಯಲು ಕುಳಿತವರು ಕಿಶೋರ ಅವರ ಕಾಕಾ ಹೊಳೆಪ್ಪನವರು. ತಾಳಿ, ಕಾಲುಂಗುರ, ಐದು ಸೀರೆ ಎಂದು ಹನ್ನೆರಡು ಸಾಮಾನು ಬರೆದು, ಹದಿಮೂರನೆಯದಾಗಿ ಬಂಗಾರದ ಸರ ಬರೆಯುವ ಮುಂಚೆ ನನ್ನ ಕಡೆ ತಿರುಗಿ, "ಎಂಥಾ ಸರ ಬೇಕವಾ ನಿನಗ, ಹೇಳು" ಎಂದು ಕೇಳಿದರು. ಅಂಥ ಹೊತ್ತಿನಲ್ಲಿ ತಲೆ ತಗ್ಗಿಸಿ ಹಿರಿಯರ ಇಚ್ಛೆ ಎನ್ನುವುದು ವಾಡಿಕೆ. ನಾನು ತಲೆ ತಗ್ಗಿಸಿಯೇ, ಸರ ಬೇಡ, ಒಂದು ಗ್ರಾಫಿಕ್ಸ್ ಕಾರ್ಡ್ ಬೇಕು ಎಂದೆ. ನಮ್ಮ ಅವ್ವ ಕೆಂಪವ್ವ ಮೆಲ್ಲನೆ, "ಅದನ್ನ ಕೊಳ್ಳಾಗ ಹೆಂಗ ಹಾಕ್ಕೋತಿಯವಾ?" ಎಂದು ಕೇಳಿದಳು.

ಅಲ್ಲಿಯವರೆಗೆ ಎಲ್ಲ ನೆಟ್ಟಗೇ ಇತ್ತು. ಅಂಗಡಿಯಲ್ಲಿ ಅಂದು ಸಿಗುತ್ತಿದ್ದ ಕಾರ್ಡಿನ ಹೆಸರನ್ನು ನಾನು ಹೇಳಿದ್ದೆ, ಹೊಳೆಪ್ಪಕಾಕಾ ಅರ್ಧ ಬರೆದೂ ಇದ್ದರು. ಆಗ ಕಿಶೋರ ಅವರು ಮೂಲೆಯಿಂದ, ಬಹಳ ವಿನಯದಿಂದ, "ಕಾಕಾ, ದೀಪಾವಳಿಗೆ ಹೊಸ ಪೀಳಿಗಿದು ಬರತೈತಿ" ಎಂದರು. ಹೊಳೆಪ್ಪಕಾಕಾ ಪೆನ್ನು ಎತ್ತಿದರು. "ಹೊಸಾದು ಬರೂದೈತಿ ಅಂತ ಗೊತ್ತಿದ್ದೂ ಮನಿಗೆ ಬರೂ ಸೊಸಿಗೆ ಹಳೇದು ಕೊಟ್ರ ಮಂದಿ ಏನಂದಾರು?" ಎಂದು ಬರೆದದ್ದನ್ನು ಹೊಡೆದುಹಾಕಿ, ಮುಂದೆ ಬರಲಿರುವ ಹೊಸ ಪೀಳಿಗೆಯ ಗ್ರಾಫಿಕ್ಸ್ ಕಾರ್ಡ್ ಒಂದು ಎಂದು ದುಂಡಗೆ ಬರೆದು, ತಾವೇ ಮೊದಲು ಸಹಿ ಮಾಡಿದರು. ಹೀಗೆ ತಾವು, ಇನ್ನೂ ಹುಟ್ಟದವರು, ಐದು ಸೀರೆ ಮತ್ತು ಒಂದು ಜೊತೆ ಕಾಲುಂಗುರದ ಕೆಳಗೆ ನಮ್ಮ ಕುಟುಂಬವನ್ನು ಸೇರಿದಿರಿ. ಹುಟ್ಟದ ಕೂಸಿಗೆ ಕುಲಾವಿ ಹೊಲಿಸಿದರೆಂದು ಕೇಳಿದ್ದೆ. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಸಹಿ ಹಾಕಿದ್ದನ್ನು ನೋಡಿದ್ದು ಅಂದೇ ಮೊದಲು.

ಇದರಲ್ಲಿ ಇನ್ನೊಂದು ತೊಡಕಿದೆ. ಹೊಳೆಪ್ಪಕಾಕಾನ ಮದುವೆಯಲ್ಲಿ ಯಾದಿಯಲ್ಲಿ ಬರೆದಿದ್ದ ತಾಮ್ರದ ಹಂಡೆ ಮದುವೆಗೆ ಬರಲಿಲ್ಲ, ಅವರ ಮಗಳ ಮದುವೆಯ ಹೊತ್ತಿಗೆ ಬಂತು, ಅದೂ ಸೋರುತ್ತಿತ್ತು. ಅಂದಿನಿಂದ ಅವರ ಮನೆಯಲ್ಲಿ ಯಾದಿಯ ಎಲ್ಲ ಸಾಮಾನು ಕಣ್ಣೆದುರು ಬಂದು ಬಿದ್ದ ಮೇಲೆಯೇ ಅಕ್ಕಿಕಾಳು, ಅಂದರೆ ವಧೂವರರ ಮೇಲೆ ಅಕ್ಷತೆ ಬೀಳುವ ದಿನ, ಗೊತ್ತುಮಾಡುವುದು. ಹನ್ನೆರಡು ಸಾಮಾನು ದೀಪಾವಳಿಗೆ ಮುಂಚೆಯೇ ಬಂದು ಟ್ರಂಕು ಸೇರಿದವು. ಹದಿಮೂರನೆಯವರಾದ ತಾವು ದೀಪಾವಳಿಗೆ ಬರುತ್ತೀರೆಂದರು, ಬರಲಿಲ್ಲ. ಸಂಕ್ರಾಂತಿಗೆ ಖಂಡಿತ ಎಂದರು, ನಾವು ಎಳ್ಳುಬೆಲ್ಲ ತಿಂದು ಕೈ ಒರೆಸಿಕೊಂಡೆವು. ಒಂದು ಹಲಗೆ ಎರಡು ಮನೆತನಗಳನ್ನು ಹೀಗೆ ಬೊಗಸೆ ಒಡ್ಡಿ ನಿಲ್ಲಿಸಬಲ್ಲದೆಂದರೆ ತಮ್ಮ ಪ್ರತಾಪಕ್ಕೆ ಸಾಟಿ ಯಾರು?

ತಮ್ಮ ಕೀರ್ತಿ ಈಗ ಎಲ್ಲಿಯವರೆಗೆ ಹರಡಿದೆ ಎಂಬುದನ್ನೂ ಅರಿಕೆ ಮಾಡುತ್ತೇನೆ. ತಮ್ಮ ಬಗ್ಗೆ ಗುಟ್ಟಿನ ಸುದ್ದಿ ಹೊರಬಿಡುವ ಮಹಾನುಭಾವರು ಅಂತರ್ಜಾಲದಲ್ಲಿ ನೂರಾರು ಮಂದಿ ಇದ್ದಾರಷ್ಟೆ. ಕಿಶೋರ ಅವರು ಅವರ ಮಾತನ್ನೆಲ್ಲ ಓದಿ ಮನೆಯಲ್ಲಿ ಹೇಳುತ್ತಾರೆ, ಮನೆಯವರು ದಡ್ಡಿಯ ಚಹಾದಂಗಡಿಯಲ್ಲಿ ಹೇಳುತ್ತಾರೆ, ಅಲ್ಲಿಂದ ಅದು ಬಸ್ಸು ಹತ್ತಿ ನನ್ನ ಲ್ಯಾಬಿಗೆ ಬರುತ್ತದೆ. ರಕ್ತ ಕೊಡಲು ಬಂದ ಅಜ್ಜಿಯೊಬ್ಬರು ತೋಳು ಚಾಚಿ, "ಅದಕ್ಕ ಮೆಮೊರಿ ಹೆಚ್ಚಿಗಿ ಇರತೈತಂತ, ಖರೆ ಏನ?" ಎಂದು ಕೇಳಿದರು. ನಮ್ಮ ದೇವರ ಮುಂದೆ ವರ್ಷದ ಹೇಳಿಕೆ ನುಡಿಯುವವನು ಕೊನೆಗೆ ಒಂಬತ್ತು ದಿನವಾದರೂ ಉಪವಾಸವಿದ್ದು ನುಡಿಯುತ್ತಾನೆ. ಈ ಮಹಾನುಭಾವರು ಬಿಸ್ಕೀಟು ತಿನ್ನುತ್ತಲೇ ನುಡಿಯುತ್ತಾರೆ, ನುಡಿದದ್ದು ಸುಳ್ಳಾದರೆ ಮರುದಿನ ಇನ್ನೊಂದು ನುಡಿಯುತ್ತಾರೆ. ತಾವು ಮುಕ್ಕಾಲು ಎಚ್‌ಪಿ ಮೋಟರಿನಷ್ಟು ಕರೆಂಟು ಕುಡಿಯುತ್ತೀರೆಂಬ ಸುದ್ದಿ ಬಂದ ದಿನವಂತೂ ನಮ್ಮ ಅಪ್ಪ ಯಲ್ಲಾರಿಯವರು, ಮಗಳು ಆಡುವಾಗ ಮೆಕ್ಕೆಜೋಳಕ್ಕೆ ನೀರು ಹಾಯಿಸಬೇಕೋ ಬೇಡವೋ ಎಂದು ನಿಜವಾಗಿಯೂ ಚಿಂತೆಗೆ ಬಿದ್ದರು.

ಮಾಘದಲ್ಲಿ ಅಪ್ಪನೇ ಒಂದು ದಾರಿ ಹುಡುಕಿದರು. ಐವರನ್ನು ಕೂಡಿಸಿ, ಅಂಗಡಿಯಲ್ಲಿ ಇರುವ ಕಾರ್ಡಿಗೇ ಒಪ್ಪಿಸೋಣ ಎಂದು, ಮೊದಲು ಹೊಳೆಪ್ಪಕಾಕಾನನ್ನು ಗೋಕಾಕಿನ ಒಂದು ಕಂಪ್ಯೂಟರ್ ಅಂಗಡಿಗೆ ಕರೆದೊಯ್ದರು, ನಾನೂ ಹೋಗಿದ್ದೆ. ಹೊಳೆಪ್ಪಕಾಕಾ ನಲವತ್ತು ವರ್ಷ ಸಂತೆಯಲ್ಲಿ ಮೈಮೇಲಿನ ಸುಳಿ ನೋಡಿ ಎತ್ತು ಆರಿಸಿಕೊಟ್ಟವರು. ಅವರು ಬೇಡವೆಂದ ಎತ್ತನ್ನು ಮೂರು ತಾಲೂಕಿನಲ್ಲಿ ಯಾರೂ ಹಿಡಿದುಕೊಂಡು ಹೋದವರಿಲ್ಲ. ಅಂಗಡಿಯವನು ಕಾರ್ಡನ್ನು ಜೋಡಿಸಿ ಚಾಲೂ ಮಾಡಿದ. ಮೂರು ಫ್ಯಾನು ತಿರುಗಿದವು. ಕಾಕಾ ಕನ್ನಡಕ ಏರಿಸಿ, ಬಗ್ಗಿ, ಬಹಳ ಹೊತ್ತು ನೋಡಿ, ಹಿಂದೆ ಸರಿದರು. "ಈಚಿ ಕಡೀದು ಬಲಸುಳಿ, ಆಚಿ ಕಡೀದು ಬಲಸುಳಿ. ನಡುವಿಂದು ಉಲ್ಟಾ ಐತಿ. ಇಂಥಾದ್ದನ್ನ ಹೊಸ ಸೊಸಿ ಕೂಡ ಮನಿ ಒಳಗ ತರಾಕ ಬರಂಗಿಲ್ಲ."

ಗಾಳಿ ಸರಿಯಾಗಿ ಆಡಲೆಂದೇ ಕಂಪನಿಯವರು ನಡುವಿನ ಫ್ಯಾನನ್ನು ಹಾಗೆ ತಿರುಗಿಸುತ್ತಾರೆಂದು ಅಂಗಡಿಯವನು ಬೆವರೊರೆಸಿಕೊಂಡು ತಿಳಿಸಿಹೇಳಿದ. "ಎತ್ತು ಮಾರಾವನೂ ಹಿಂಗ ಹೇಳತಾನು," ಎಂದು ಕಾಕಾ ಚಪ್ಪಲಿ ಮೆಟ್ಟಿಕೊಂಡರು. ಬರಿಗೈಯಲ್ಲಿ ಬಂದರೆನ್ನಬಾರದೆಂದು ಕರದಂಟಿನ ಒಂದು ಡಬ್ಬಿ ಕೊಂಡು ನಾವು ಮನೆಗೆ ಬಂದೆವು.

ಇಷ್ಟಾದರೂ ನಾನು ತಮ್ಮ ಆಸೆ ಬಿಟ್ಟಿರಲಿಲ್ಲ. ಯುಗಾದಿಯ ಮರುದಿನ ತಮ್ಮ ಕಂಪನಿಯವರು ಕೊನೆಗೂ ವೈಶಾಖದಲ್ಲಿ ತಮ್ಮ ಜನನ ಖಂಡಿತವೆಂದು ಸಾರಿದರು. ನಾನು ಲ್ಯಾಬಿನಲ್ಲಿ ಎಲ್ಲರಿಗೂ ಪೇಢೆ ಹಂಚಿದೆ, ಸಕ್ಕರೆ ಕಾಯಿಲೆಯವರಿಗೂ ಅರ್ಧರ್ಧ ಕೊಟ್ಟೆ. ಸಂಜೆ ಹೆಡ್‌ಫೋನು ಹಾಕಿಕೊಂಡು ಆಟಕ್ಕೆ ಕುಳಿತಾಗ ಕಿಶೋರ ಅವರ ಮೈಕು ತೆರೆದೇ ಇತ್ತು, ನಾನು ಬಂದದ್ದು ಅವರಿಗೆ ಗೊತ್ತಾಗಿರಲಿಲ್ಲ. ಹಿಂದೆ ಹೊಳೆಪ್ಪಕಾಕಾ ಕೇಳುತ್ತಿದ್ದರು: "ತಮ್ಮಾ, ತಾರೀಖು ಗೊತ್ತಾತಂತಲ್ಲ. ಹಂಗಾರ ಸ್ವಾಮಿಗೋಳನ್ನ ಕೇಳಿ ಅಕ್ಕಿಕಾಳ ಹಿಡೀಲೇನು?" ಅದಕ್ಕೆ ನನ್ನವರಾಗಬೇಕಾದವರು ಹೇಳಿದ್ದು ಇಷ್ಟು: "ಗಡಿಬಿಡಿ ಮಾಡಬ್ಯಾಡ್ರಿ ಕಾಕಾ. ಮೊದಲ ಬರೂದ್ರಾಗ ಏನರೆ ದೋಷ ಇರತಾವು. ಇನ್ನ ಆರ ತಿಂಗಳು ತಡದ್ರ ಸುಧಾರಿಸಿದ್ದು ಬರತೈತಿ."

ಮಾನ್ಯರೇ, ನನಗೆ ಸಿಟ್ಟಿಗಿಂತ ಮೊದಲು ಅಳು ಬಂತು. ಆರು ತಿಂಗಳಿಂದ ನಾನು ಯಾದಿಯನ್ನು ಬೈಯುತ್ತಿದ್ದೆ, ಸುಳಿಯನ್ನು ಬೈಯುತ್ತಿದ್ದೆ, ತಮ್ಮನ್ನಂತೂ ದಿನಕ್ಕೆರಡು ಸಲ ಬೈಯುತ್ತಿದ್ದೆ. ತಡಿ ಎನ್ನುತ್ತಿದ್ದವರು ಮಾತ್ರ ಇವರು. ಈ ಮನುಷ್ಯನಿಗೆ ನಾನು ಬೇಕೋ ಅಥವಾ ನಾನು ಬರುತ್ತೇನೆಂದು ಕಾಯುವುದಷ್ಟೇ ಬೇಕೋ ಎಂದು ಒಂದು ವಾರ ಯೋಚಿಸಿದೆ. ಆ ವಾರ ಯಾವ ಕೋಟೆಯನ್ನೂ ಹಿಡಿಯಲಿಲ್ಲ. ಆರು ತಿಂಗಳು ತಡೆದರೆ ಸುಧಾರಿಸಿದ ಹೆಣ್ಣೂ ಬರಬಹುದಲ್ಲ ಎಂದೂ, ತಡೆದರೆ ನನಗೂ ಹೆಚ್ಚು ಮೆಮೊರಿಯ, ಕಡಿಮೆ ಕಾಯುವ ಒಬ್ಬ ವರ ಸಿಗಬಹುದಲ್ಲ ಎಂದೂ ಅನಿಸಿತು. ಅನಿಸಿದ್ದನ್ನು ಮುಚ್ಚಿಡುವುದು ಸುಳ್ಳಾದೀತು.

ವಾರದ ಕೊನೆಗೆ ಮಾಯವ್ವನವರಿಗೆ ಎಲ್ಲ ಹೇಳಿ, ಐವರನ್ನು ಮತ್ತೆ ಕೂಡಿಸಿರಿ ಎಂದು ಕೈಮುಗಿದೆ. ಕಳೆದ ಆದಿತ್ಯವಾರ ಅದೇ ಪಡಸಾಲೆಯಲ್ಲಿ ಕುಳಿತರು. ಹೆಣ್ಣು ಅಲ್ಲಿ ಮಾತಾಡುವ ಪದ್ಧತಿ ಇಲ್ಲ, ಆದರೆ ಗ್ರಾಫಿಕ್ಸ್ ಕಾರ್ಡ್ ಬರೆಸುವ ಪದ್ಧತಿಯೂ ಇರಲಿಲ್ಲವಾದ್ದರಿಂದ ನಾನು ಎದ್ದು ನಿಂತೆ. ಹದಿಮೂರನೆಯ ಸಾಮಾನು ನನಗೆ ಬೇಡ, ಸರವೂ ಬೇಡ, ಅದನ್ನು ಹೊಡೆದುಹಾಕಿ; ಅಕ್ಕಿಕಾಳು ಯಾವತ್ತು ಎಂದು ಕಿಶೋರ ಅವರೇ ಎಲ್ಲರೆದುರು ಹೇಳಲಿ; ಹೇಳಲಾಗದಿದ್ದರೆ ಉಳಿದ ಹನ್ನೆರಡನ್ನೂ ಹೊಡೆದುಹಾಕಿ ಎಂದೆ.

ಕಿಶೋರ ಅವರು ಚಾಪೆಯ ಎಳೆ ಕೀಳುತ್ತ, "ಬರೂತನಕ ಅದರಾಗ ಒಂದೂ ಕುಂದು ಇರಂಗಿಲ್ಲ ಕಾಕಾ. ಬಂದಮ್ಯಾಲೆ ಇರತಾವು. ನನ್ನಾಗೂ ಬರೇ ಕುಂದ ಅದಾವು, ಮಯೂರಿಗೆ ಗೊತ್ತಾದ್ರ ಹೆಂಗ ಅಂತ ಅಂಜಿಕಿ ಇತ್ತು," ಎಂದರು. ಅದಕ್ಕೆ ಮಾಯವ್ವನವರು ಹೇಳಿದರು: "ಹುಚ್ಚಪ್ಪಾ, ಆಕಿಗೆ ಎಲ್ಲಾ ಗೊತ್ತೈತಿ. ಎಂಟ ತಿಂಗಳು ನಿನ್ನ ಹಿಂದಿ ಕೇಳ್ಯಾಳ ಆಕಿ." ಎಲ್ಲರೂ ನಕ್ಕರು, ಅವರೂ ನಕ್ಕರು, ಮತ್ತು ನಗು ಮುಗಿಯುವುದರೊಳಗೆ ಹೊಳೆಪ್ಪಕಾಕಾ ಹದಿಮೂರನೆಯ ಸಾಮಾನಾದ ತಮ್ಮ ಹೆಸರಿನ ಮೇಲೆ ಒಂದು ಗೆರೆ ಎಳೆದುಬಿಟ್ಟರು. ನನಗೆ ಎಷ್ಟು ಹಗುರಾಯಿತೆಂದು ಹೇಳಲಾರೆ. ಸ್ವಾಮಿಗಳನ್ನು ಕೇಳಿದೆವು. ವೈಶಾಖದ ಎರಡನೆಯ ಗುರುವಾರ, ಮುಂಜಾನೆ ಹತ್ತು ಗಂಟೆ ಮೂವತ್ತೆರಡು ನಿಮಿಷಕ್ಕೆ ಅಕ್ಕಿಕಾಳು ಎಂದು ನಿಶ್ಚಯವಾಯಿತು, ಮತ್ತೊಮ್ಮೆ ಸಕ್ಕರೆ ಹಂಚಿದರು, ಲಗ್ನಪತ್ರಿಕೆ ಅಚ್ಚಿಗೆ ಹೋಯಿತು.

ಇಲ್ಲಿಗೆ ಈ ಪತ್ರದ ಅಗತ್ಯವೇ ಇರಲಿಲ್ಲ. ಆದರೆ ಮೊನ್ನೆ ಬುಧವಾರ ತಮ್ಮ ಕಂಪನಿಯವರು ತಮ್ಮ ಮಾರಾಟ ಶುರುವಾಗುವ ದಿನವನ್ನೂ ಗಳಿಗೆಯನ್ನೂ ಪ್ರಕಟಿಸಿದರು. ವೈಶಾಖದ ಎರಡನೆಯ ಗುರುವಾರ, ಭಾರತೀಯ ಕಾಲಮಾನ ಮುಂಜಾನೆ ಹತ್ತೂವರೆ. ಮೊದಲ ಖೇಪು ಮೂರು ನಿಮಿಷದಲ್ಲಿ ಖಾಲಿಯಾಗುವುದೆಂದು ಬಲ್ಲವರು ನುಡಿದಿದ್ದಾರೆ. ವರ್ಷದಲ್ಲಿ ಮುನ್ನೂರ ಅರವತ್ತೈದು ದಿನ, ದಿನಕ್ಕೆ ಇಪ್ಪತ್ನಾಲ್ಕು ತಾಸು ಇರುವಾಗ, ದೀಪಾವಳಿಯನ್ನೂ ಸಂಕ್ರಾಂತಿಯನ್ನೂ ಬಿಟ್ಟುಕೊಟ್ಟ ತಾವು, ಇಷ್ಟು ಕಾಯಿಸಿದ ತಾವು, ನನ್ನ ತಲೆಯ ಮೇಲೆ ಅಕ್ಷತೆ ಬೀಳುವ ಹೊತ್ತನ್ನೇ ಹುಡುಕಿ ತೆಗೆದಿರಲ್ಲ! ನಮ್ಮ ಸ್ವಾಮಿಗಳು ಪಂಚಾಂಗ ನೋಡಿ ತೆಗೆದ ಮುಹೂರ್ತ ತಮಗೂ ಹೊಂದಿತೆಂದರೆ ಅವರ ವಿದ್ಯೆಗೆ ಇದಕ್ಕಿಂತ ಸರ್ಟಿಫಿಕೇಟು ಬೇಕಿಲ್ಲ.

ಆದಕಾರಣ ತಮ್ಮಲ್ಲಿ ನನ್ನ ಸವಿನಯ ಬೇಡಿಕೆ ಇಷ್ಟು. ತಾವು ಒಂದು ತಾಸು ತಡವಾಗಿ ಹುಟ್ಟಬೇಕು. ಆರು ತಿಂಗಳು ತಡಮಾಡಿದವರಿಗೆ ಒಂದು ತಾಸು ಭಾರವಾಗದು. ಅದು ಸಾಧ್ಯವಿಲ್ಲದಿದ್ದರೆ, ತಾವೇ ಕೊನೆಯವರು, ತಮ್ಮ ನಂತರ ಸುಧಾರಿಸಿದ ತಮ್ಮಂದಿರು ಯಾರೂ ಬರುವುದಿಲ್ಲವೆಂದು ನೂರು ರೂಪಾಯಿಯ ಬಾಂಡಿನ ಮೇಲೆ ಬರೆದು, ಇಬ್ಬರ ಸಾಕ್ಷಿ ಹಾಕಿಸಿ, ದಡ್ಡಿಯ ವಿಳಾಸಕ್ಕೆ ರಿಜಿಸ್ಟರ್ ಮಾಡಬೇಕು. ಅದೂ ಆಗದಿದ್ದರೆ ತಾವು ಖುದ್ದಾಗಿ ಮದುವೆಗೆ ಬಂದು, ಎರಡನೆಯ ಪಂಕ್ತಿಯಲ್ಲಿ ಕುಳಿತು, ಹುಗ್ಗಿ ಉಂಡು ಹೋಗಬೇಕು. ನಡುವಿನ ಫ್ಯಾನನ್ನು ಮಾತ್ರ ಕಾಕಾನ ಎದುರು ತಿರುಗಿಸಬಾರದು.

ಮುಹೂರ್ತದಲ್ಲಿ ಪೈಪೋಟಿಗೆ ನಿಂತರೂ ತಮ್ಮ ಮೇಲೆ ಇನ್ನೂ ಗೌರವ ಕಳೆದುಕೊಳ್ಳದ

ತಮ್ಮ ವಿಶ್ವಾಸಿ,
ಮಯೂರಿ ಯಲ್ಲಾರಿ
ಮಸಗುಪ್ಪಿ

ತಾ.ಕ.: ತಮ್ಮ ಗಳಿಗೆ ಪ್ರಕಟವಾದ ಮರುದಿನ ಕಿಶೋರ ಅವರು ಎರಡು ಬಸ್ಸು ಬದಲಿಸಿ ನನ್ನ ಲ್ಯಾಬಿಗೆ ಬಂದು, ರಕ್ತ ಕೊಡುವವರ ಸಾಲಿನಲ್ಲಿ ಕೂತು, ಪಾಳಿ ಬಂದಾಗ ತೋಳಿನ ಬದಲು ತಮ್ಮ ಫೋನನ್ನು ಮುಂದೆ ಚಾಚಿದರು. "ಅವತ್ತ ಮುಂಜಾನೆ ಇದು ನನ್ನ ಕೈಯಾಗ ಇರೂದು ಬ್ಯಾಡ. ನೀನ ಇಟ್ಕೋ," ಎಂದು ಹೇಳಿ, ಅದರ ಬೀಗಕ್ಕೆ ನನ್ನ ಎಡಗೈಯ ಹೆಬ್ಬೆರಳ ಗುರುತನ್ನೂ ಹಾಕಿಸಿ, ಹಿಂದಿರುಗಿ ನೋಡದೆ ಹೋದರು. ಅಲ್ಲಿಯೇ, ಸಿರಿಂಜು ಕೈಯಲ್ಲಿ ಹಿಡಿದುಕೊಂಡೇ, ಇವರನ್ನೇ ಮದುವೆಯಾಗುತ್ತೇನೆಂದು ನನಗೆ ಖಾತ್ರಿಯಾಯಿತು. ಫೋನು ಈಗ ನನ್ನ ಹತ್ತಿರವಿದೆ. ಅಂದು ಹತ್ತೂವರೆಗೆ ಅದನ್ನು ಸೀರೆಯ ನಿರಿಗೆಯಲ್ಲಿ ಸಿಕ್ಕಿಸಿಕೊಂಡರೆ ಯಾರಿಗೂ ಕಾಣುವುದಿಲ್ಲವೆಂದು ನಿನ್ನೆ ಕನ್ನಡಿಯ ಮುಂದೆ ನೋಡಿಕೊಂಡಿದ್ದೇನೆ. ಅರಿಶಿನ ಹತ್ತಿದ ಬೆರಳನ್ನು ಅದು ಗುರುತು ಹಿಡಿಯುವುದಿಲ್ಲ, ಅದಕ್ಕೇ ಎಡಗೈಯ ಹೆಬ್ಬೆರಳಿಗೆ ಅರಿಶಿನ ಹಚ್ಚಬಾರದೆಂದು ಅವ್ವನಿಗೆ ಈಗಲೇ ಹೇಳಿಟ್ಟಿದ್ದೇನೆ.